ಅಳತೆಗೆ ಸಿಗದ ಗೋಡೆ

"ಇಲ್ಲೊಂದು ಬಟನ್ ಇತ್ತು. ಎಲ್ಲಿ ಹೋಯ್ತು?"

ಇನ್ಸ್‌ಪೆಕ್ಟರ್ ಪರದೆಯ ಮೂಲೆಗೆ ಬೆರಳು ಇಟ್ಟೇ ಕೇಳಿದಳು. ಜೈಲಿನ ಆಫೀಸಿನ ಗೋಡೆಯ ಅರ್ಧವನ್ನು ನುಂಗಿದ್ದ ಪರದೆ ಅದು. ಅದರೊಳಗೆ ಅದೇ ಹಳೇ ಜೈಲಿನ ಉದ್ದನೆಯ ಓಣಿ, ಎರಡೂ ಬದಿಗೆ ಕಂಬಿ ಬಾಗಿಲುಗಳು. ಬೆರಳು ಸವರಿದರೆ ಓಣಿ ತಿರುಗುತ್ತಿತ್ತು. ಬಾಗಿಲು ಮುಟ್ಟಿದರೆ ಸೆಲ್ಲಿನ ಒಳಗೇ ಕರೆದುಕೊಂಡು ಹೋಗುತ್ತಿತ್ತು.

"ಯಾವ ಬಟನ್?" ಕಂಪ್ಯೂಟರ್ ಮುಂದೆ ಕೂತಿದ್ದ ಆರ್ಕಿಟೆಕ್ಟ್ ತಲೆ ಎತ್ತಲಿಲ್ಲ.

"ಹಳದಿಯದು. ಅಳತೆ ಬಟನ್. ಅದನ್ನ ಒತ್ತಿ ಎರಡು ಕಡೆ ಮುಟ್ಟಿದ್ರೆ ನಡುವೆ ಗೆರೆ ಎಳೆದು ಎಷ್ಟು ಉದ್ದ ಅಂತ ಹೇಳೋದು."

"ನಿಮಗೆ ಯಾರು ಹೇಳಿದ್ದು?"

"ನಾನು ಹೇಳಿದ್ದು!"

ಬಾಗಿಲ ಬಳಿ ನಿಂತಿದ್ದ ಹೆಂಗಸಿನ ದನಿಗೆ ಕಿಟಕಿಯ ಗಾಜು ಅದುರಿತು. ಅವಳು ಬಸ್ ಕಂಡಕ್ಟರ್. ಡ್ಯೂಟಿಯಿಂದ ನೇರ ಬಂದಿದ್ದಳು, ಚರ್ಮದ ಚೀಲ ಇನ್ನೂ ಹೆಗಲಲ್ಲೇ ಇತ್ತು. ಕಳೆದ ವಾರ ಈ ಜೈಲಿನ ಕಾವಲುಗೋಪುರದ ಬುಡದಲ್ಲಿ ಹೆಣವಾಗಿ ಸಿಕ್ಕವನು ಅವಳ ತಮ್ಮ.

ಸದಾ ಮೂರು ಕಾಲಿನ ಸ್ಟ್ಯಾಂಡ್ ಹೊತ್ತುಕೊಂಡೇ ತಿರುಗುತ್ತಿದ್ದ ಅವನನ್ನು ಎಲ್ಲರೂ ಮುಕ್ಕಾಲಿ ಅಂತಲೇ ಕರೆಯುತ್ತಿದ್ದರು. ಆ ಸ್ಟ್ಯಾಂಡಿನ ಮೇಲೆ ಲೇಸರ್ ಯಂತ್ರ ಕೂರಿಸಿ, ಜೈಲಿನ ಒಂದೊಂದು ಕಲ್ಲನ್ನೂ ಕಂಪ್ಯೂಟರಿಗೆ ಇಳಿಸಿದವನು ಅವನು. ಆ ಕಲ್ಲುಗಳನ್ನೆಲ್ಲ ಜೋಡಿಸಿ, ಮನೆಯಲ್ಲಿ ಕೂತವರೂ ಸುತ್ತಾಡಬಹುದಾದ ಆನ್‌ಲೈನ್ ಜೈಲು ಕಟ್ಟಿದವಳು ಈ ಆರ್ಕಿಟೆಕ್ಟ್. ನಾಳೆ ಬೆಳಿಗ್ಗೆ ಅದು ಜಗತ್ತಿಗೆಲ್ಲ ತೆರೆದುಕೊಳ್ಳಬೇಕಿತ್ತು.

"ಫೋನಲ್ಲಿ ಲಿಂಕ್ ಕಳಿಸಿದ್ದ," ಅಂದಳು ಕಂಡಕ್ಟರ್. "ಆಟ ಆಡು ಅಕ್ಕಾ ಅಂದ. ಆ ಹಳದಿ ಬಟನ್ ಒತ್ತಿ ಇಡೀ ಜೈಲು ಅಳೆದಿದ್ದೆ ನಾನು. ಅವನು ಸತ್ತ ಮಾರನೇ ದಿನ ನೋಡ್ತೀನಿ, ಬಟನ್ನೇ ಮಾಯ. ಸತ್ತವನು ಅದನ್ನ ಜೇಬಲ್ಲಿ ಇಟ್ಕೊಂಡು ಹೋದನಾ?"

"ಅದರಲ್ಲಿ ತೊಂದರೆ ಇತ್ತು," ಅಂದಳು ಆರ್ಕಿಟೆಕ್ಟ್. "ತೆಗೆದ್ವಿ."

"ತೆಗೆದ್ವಿ ಅಂದ್ರೆ ಯಾರು?" ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳ ಮಗ್ಗುಲಲ್ಲೇ ಕೂತಳು. "ಈ ಕಂಪ್ಯೂಟರಿಗೆ ಕೈ ಹಾಕೋರು ಇಬ್ಬರೇ. ಒಬ್ಬ ಮಣ್ಣಾದ. ಇನ್ನೊಬ್ಬಳು ನೀನು."

ಆರ್ಕಿಟೆಕ್ಟಿನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. "ಅಪ್ಪ ತೆಗೀ ಅಂದ್ರು."

"ಯಾಕೆ?"

"ಅವರನ್ನೇ ಕೇಳಿ."

ಕೇಳುವ ಶ್ರಮ ಬೇಕಾಗಲಿಲ್ಲ. ಊರುಗೋಲಿನ ಸದ್ದು ಹೊರಗಿನ ಓಣಿಯಲ್ಲಿ ಕೇಳಿಸುತ್ತಿತ್ತು. ಬಾಗಿಲಲ್ಲಿ ಕಾವಲಿದ್ದ ಹೆಡ್ ಕಾನ್‌ಸ್ಟೇಬಲ್ ಅಭ್ಯಾಸಬಲದಿಂದ ಸಲ್ಯೂಟ್ ಹೊಡೆದೇಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಮಾತುಮಾತಿಗೂ ಗೊಣಗುವ ಅವನಿಗೆ ಠಾಣೆಯಲ್ಲಿ ಗೊಣಗಣ್ಣ ಅಂತ ಹೆಸರು.

ಒಳಗೆ ಬಂದವನು ಆರ್ಕಿಟೆಕ್ಟಿನ ಅಪ್ಪ, ಈ ಜೈಲಿನ ಕೊನೆಯ ಜೈಲರ್. ಜೈಲು ಮುಚ್ಚಿದ ಮೇಲೂ ಮನುಷ್ಯ ಜೈಲನ್ನು ಬಿಟ್ಟಿರಲಿಲ್ಲ. ಸ್ಮಾರಕ ಸಮಿತಿ ಕಟ್ಟಿ, ಅದಕ್ಕೆ ತಾನೇ ಅಧ್ಯಕ್ಷನಾಗಿ ಕೂತಿದ್ದ. ವಯಸ್ಸು ಬೆನ್ನನ್ನು ಬಗ್ಗಿಸಿತ್ತು, ಗತ್ತನ್ನು ಬಗ್ಗಿಸಿರಲಿಲ್ಲ.

"ಯಾರಿದು ನನ್ನ ಕುರ್ಚೀಲಿ ಕೂತಿರೋದು?"

"ಪೊಲೀಸು," ಅಂದಳು ಇನ್ಸ್‌ಪೆಕ್ಟರ್. ಏಳಲಿಲ್ಲ.

"ಅದು ಬಟ್ಟೆ ನೋಡಿದ್ರೆ ಗೊತ್ತಾಗತ್ತೆ. ಕಾಲು ಜಾರಿ ಬಿದ್ದ ಅಂತ ನಿಮ್ಮೋರೇ ಬರಕೊಂಡು ಹೋದ್ರಲ್ಲ. ಮತ್ತೆ ಯಾಕೆ ಬಂದೆ? ಊಟ ಆದ ಮೇಲೆ ಎಲೆ ಎಣಿಸೋಕಾ?"

"ಬರೆದೋರು ಬೇರೆ. ಒಪ್ಪದೆ ಇರೋಳು ನಾನು."

"ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ನಾನು ಯೂನಿಫಾರ್ಮ್ ಹಾಕಿದ್ದೀನಿ. ನನ್ನ ಮುಂದೆ ಸೆಟೆದು ಮಾತಾಡ್ಬೇಡ."

"ಸೆಟೆದಿಲ್ಲ, ಕೂತಿದ್ದೀನಿ. ನೀವೂ ಕೂತ್ಕೊಳ್ಳಿ. ಒಂದೇ ಪ್ರಶ್ನೆ. ಈ ಕಂಪ್ಯೂಟರ್ ಜೈಲಿಂದ ಒಂದು ಬಟನ್ ತೆಗೆಸಿದ್ರಂತೆ. ನಿಮ್ಮ ಮಗಳು ಹೇಳ್ತಿದ್ದಾಳೆ."

ಜೈಲರ್ ಮಗಳ ಕಡೆ ನೋಡಿದ. ಅವಳು ಅಪ್ಪನ ಕಡೆ ನೋಡಲಿಲ್ಲ.

"ಹೌದು, ತೆಗೆಸಿದೆ," ಅಂದ. "ನನ್ನ ಜೈಲು, ನನ್ನ ಇಷ್ಟ."

"ಯಾವ ಬಟನ್?"

"ಅದೇ... ಭಾಷೆ ಬದಲಾಯಿಸೋದು. ಹತ್ತು ಭಾಷೆ ಯಾರಿಗೆ ಬೇಕು ಇಲ್ಲಿ? ಕಂಡೋರಿಗೆಲ್ಲ ಕಥೆ ಹೇಳೋಕಾಗತ್ತಾ?"

ಭಾಷೆಯ ಬಟನ್ ಪರದೆಯ ಕೆಳಗೆ, ಇದ್ದ ಜಾಗದಲ್ಲೇ ಕೆಂಪಗೆ ಹೊಳೆಯುತ್ತಿತ್ತು.

ಇನ್ಸ್‌ಪೆಕ್ಟರ್ ಅದನ್ನು ನೋಡಿದಳು. ಗೊಣಗಣ್ಣ ನೋಡಿದ. ಕಂಡಕ್ಟರ್ ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಕಣ್ಣಲ್ಲೇ ಗದರಿಸಿದಳು. ಕಂಡಕ್ಟರ್ ಹಲ್ಲು ಕಚ್ಚಿ ಸುಮ್ಮನಾದಳು.

"ಸರಿ," ಅಂದಳು ಇನ್ಸ್‌ಪೆಕ್ಟರ್, ಏನೂ ಆಗದವಳ ಹಾಗೆ. "ಈಗ ನನ್ನ ಇಷ್ಟ ಕೇಳಿ. ಮುಕ್ಕಾಲಿ ಸಾಯೋ ಮುಂಚೆ ಅಕ್ಕನಿಗೆ ಫೋನ್ ಮಾಡಿದ್ದ. ಏನಂದ, ಹೇಳಮ್ಮ."

ಕಂಡಕ್ಟರಿನ ದನಿ ಮೊದಲ ಸಲ ಇಳಿಯಿತು. "'ಅಕ್ಕಾ, ಇಲ್ಲೊಂದು ಗೋಡೆ ಹೊಟ್ಟೆಬಾಕ ಕಣೇ. ಒಳಗೆ ಏನೋ ನುಂಗ್ಕೊಂಡು ಕೂತಿದೆ. ನಾಳೆ ಬಾಯಿ ಬಿಡಿಸ್ತೀನಿ' ಅಂದ. ನಗ್ತಾ ಇದ್ದ. ಮಾರನೇ ದಿನ ಹೋಗಿ ನೋಡಿದ್ರೆ ಇವನೇ ಬಾಯಿ ಮುಚ್ಕೊಂಡು ಮಲಗಿದ್ದ."

"ಯಾವ ಗೋಡೆ ಅಂತ ಹೇಳಲಿಲ್ಲ," ಅಂದಳು ಇನ್ಸ್‌ಪೆಕ್ಟರ್. "ಜೈಲು ಅಂದ್ರೆ ತುಂಬ ಗೋಡೆಗಳೇ. ಯಾವುದು ಅಂತ ಗೊತ್ತಾಗೋಕೆ ಆ ಹಳದಿ ಬಟನ್ ಬೇಕು. ವಾಪಸ್ ಹಾಕು."

ಜೈಲರ್ ಊರುಗೋಲಿನಿಂದ ನೆಲ ಕುಟ್ಟಿದ. "ಹಾಕಬೇಡ!"

ಇನ್ಸ್‌ಪೆಕ್ಟರ್ ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ಮಗಳು ಹಟ ಮಾಡುತ್ತಾಳೆ, ಪಾಸ್‌ವರ್ಡ್ ಮರೆತೆ ಅನ್ನುತ್ತಾಳೆ, ವಕೀಲ ಬರಲಿ ಅನ್ನುತ್ತಾಳೆ ಅಂದುಕೊಂಡಿದ್ದಳು. ಆದರೆ ಆರ್ಕಿಟೆಕ್ಟ್ ಅಪ್ಪನ ಮಾತು ಮುಗಿಯುವ ಮುಂಚೆಯೇ ಕೀಲಿಗಳ ಮೇಲೆ ಬಾಗಿದ್ದಳು. ಪರದೆಯ ಮೂಲೆಯಲ್ಲಿ ಹಳದಿ ಚುಕ್ಕೆ ಕಣ್ಣುಬಿಟ್ಟಿತು.

ಇಷ್ಟು ಸಲೀಸಾಗಿ ಆಗಿದ್ದು ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲ. ಆದರೂ ಕೆಲಸ ನಿಲ್ಲಿಸಲಿಲ್ಲ.

"ಗೊಣಗಣ್ಣಾ, ನೀನು ಬಾಗಿಲು ಮುಟ್ಟು, ನಾನು ಅಳೀತೀನಿ."

"ನನ್ನ ಬೆರಳಿಗೆ ಇವೆಲ್ಲ ಬಗ್ಗಲ್ಲ ಮೇಡಂ," ಅನ್ನುತ್ತಲೇ ಅವನು ಮುಟ್ಟಿದ. ಸೆಲ್ಲಿನ ಬಾಗಿಲಿಗೆ ಬದಲು ಪಕ್ಕದ ಸ್ಪೀಕರ್ ಗುರುತಿಗೆ ಬೆರಳು ತಗುಲಿತು. ಕೋಣೆಯ ತುಂಬ ಜೈಲರಿನದೇ ದನಿ ಮೊಳಗಿತು.

"ಇದೇ ಸಾಲಿನ ಕೊನೆಯ ಸೆಲ್ಲಿನಿಂದ ಆ ಕುಖ್ಯಾತ ಕೈದಿ ಓಡಿಹೋದ. ಬೀಗ ಮುರಿದಿರಲಿಲ್ಲ, ಕಂಬಿ ಬಗ್ಗಿರಲಿಲ್ಲ. ಗಾಳಿಯ ಹಾಗೆ ಬಂದವನು ಗಾಳಿಯ ಹಾಗೆ ಹೋದ..."

"ಆಫ್ ಮಾಡು ಅದನ್ನ!" ಅಂದ ನಿಜವಾದ ಜೈಲರ್.

"ಜೋರಾಗಿದೆಯಲ್ಲ ಕಥೆ," ಅಂದಳು ಇನ್ಸ್‌ಪೆಕ್ಟರ್. "ಜನ ಇದನ್ನ ಕೇಳೋಕೇ ಬರ್ತಾರಂತೆ."

"ಕಥೆಯಲ್ಲ. ನಡೆದದ್ದು."

"ನೋಡೋಣ."

ಮೊದಲ ಸೆಲ್. ಬಾಗಿಲಿಂದ ಹಿಂದಿನ ಗೋಡೆಗೆ ಹಳದಿ ಗೆರೆ ಓಡಿತು, ಅಂಕೆ ಮೂಡಿತು. ಎರಡನೆಯದು, ಅದೇ ಅಂಕೆ. ಅದರ ಪಕ್ಕದ್ದು, ಅದೂ ಅಷ್ಟೇ. ಒಂದೇ ಅಚ್ಚಿನ ಇಟ್ಟಿಗೆಗಳ ಹಾಗೆ ಸಾಲು ಸಾಲಾಗಿ ಒಂದೇ ಅಳತೆ. ಗೊಣಗಣ್ಣ ಆಕಳಿಸಿದ. ಕಂಡಕ್ಟರ್ ಮಾತ್ರ ಪರದೆಗೆ ಇನ್ನೂ ಹತ್ತಿರ ಬಂದಳು. ತಮ್ಮನ ಕೈ ಹಿಡಿದು ನಡೆಯುತ್ತಿರುವ ಹಾಗೆ ಅವಳ ಬೆರಳುಗಳು ಗಾಳಿಯಲ್ಲಿ ಮಡಚಿಕೊಂಡಿದ್ದವು.

ಕೊನೆಯ ಸೆಲ್ಲಿನಲ್ಲಿ ಗೆರೆ ಬೇಗ ನಿಂತುಬಿಟ್ಟಿತು.

ಇನ್ಸ್‌ಪೆಕ್ಟರ್ ಮತ್ತೊಮ್ಮೆ ಎಳೆದಳು. ಮತ್ತೆ ಅಲ್ಲೇ ನಿಂತಿತು. ಹೊರಗಿನಿಂದ ನೋಡಿದರೆ ಸಾಲಿನ ಹಿಂಗೋಡೆ ದಾರ ಹಿಡಿದ ಹಾಗೆ ನೇರವಾಗಿತ್ತು. ಒಳಗಿನಿಂದ ಕೊನೆಯ ಸೆಲ್ ಮಾತ್ರ ಗಿಡ್ಡ. ಕತ್ತಲ ಮೂಲೆ, ಬರಿಗಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಆದರೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಜಾಗ ಲೆಕ್ಕಕ್ಕೆ ಸಿಗಲಿಲ್ಲ.

"ಯಂತ್ರ ತಪ್ಪು ಮಾಡಿದೆ," ಅಂದ ಜೈಲರ್.

"ಬೇರೆ ಎಲ್ಲಾ ಸೆಲ್ಲಲ್ಲೂ ಸರಿಯಾಗಿ ಅಳೆದು, ಇಲ್ಲಿ ಮಾತ್ರ ತಪ್ಪಿತಾ?"

"ಹಳೇ ಕಟ್ಟಡ. ಗೋಡೆ ದಪ್ಪ ಇರತ್ತೆ."

"ಒಡೆದರೆ ಗೊತ್ತಾಗತ್ತೆ."

"ಒಡೆಯೋದಾ?" ಜೈಲರ್ ಮುಖ ಕೆಂಪಾಯಿತು. "ಇದು ಸಂರಕ್ಷಿತ ಸ್ಮಾರಕ. ಒಂದು ಇಟ್ಟಿಗೆ ಅಲ್ಲಾಡಿದ್ರೂ ನಿನ್ನ ಬೆಲ್ಟು ಬಿಚ್ಚಿಸ್ತೀನಿ. ನಿನ್ನ ಮೇಲಿನೋರೆಲ್ಲ ಒಂದು ಕಾಲದಲ್ಲಿ ನನ್ನ ಮನೆ ಬಾಗಿಲು ಕಾದೋರು!"

ಇನ್ಸ್‌ಪೆಕ್ಟರ್ ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಶೋಧಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ.

"ಕೋರ್ಟಿನ ಬಾಗಿಲು ನಾನೂ ಕಾದೆ. ಗೊಣಗಣ್ಣಾ, ಹಾರೆ ತರಿಸು."

ಕೊನೆಯ ಸೆಲ್ಲಿನಲ್ಲಿ ಹಳೇ ಸುಣ್ಣದ, ತೇವದ ವಾಸನೆ. ಮೇಲಿನ ಸಣ್ಣ ಕಂಡಿಯಿಂದ ಮಧ್ಯಾಹ್ನದ ಬಿಸಿಲು ಒಂದು ಅಂಗೈಯಷ್ಟು ಮಾತ್ರ ಒಳಗೆ ಬಿದ್ದಿತ್ತು. ಪೊಲೀಸರು ಕರೆಸಿದ ಇಬ್ಬರು ಗಾರೆ ಕೆಲಸದವರು ಹಿಂದಿನ ಗೋಡೆಗೆ ಸುತ್ತಿಗೆಯಿಂದ ತಟ್ಟಿದರು. ಎಡಬಲದ ಗೋಡೆಗಳು ಗಟ್ಟಿ ಸದ್ದು ಮಾಡಿದವು. ಇದೊಂದು ಮಾತ್ರ ಟೊಳ್ಳು ಗಡಿಗೆಯ ಹಾಗೆ ಗುಂಯ್ ಅಂದಿತು.

ಜೈಲರ್ ಬಾಗಿಲ ಕಂಬಿ ಹಿಡಿದು ನಿಂತಿದ್ದ. ಜೀವಮಾನವಿಡೀ ಕಂಬಿಯ ಹೊರಗೇ ನಿಂತ ಮನುಷ್ಯ, ಇವತ್ತು ಒಳಗೆ ನಿಂತಿದ್ದ.

"ಇನ್ನೂ ಹೊತ್ತು ಮೀರಿಲ್ಲ," ಅಂದ, ಇನ್ಸ್‌ಪೆಕ್ಟರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಅವಳನ್ನ ಹೊರಗೆ ಕಳಿಸು."

"ಯಾರನ್ನ?"

"ನನ್ನ ಮಗಳನ್ನ. ಆಮೇಲೆ ಏನು ಬೇಕಾದ್ರೂ ಒಡಿ."

"ಯಾಕೆ? ಅವಳೇನು ಚಿಕ್ಕ ಮಗುವಾ?"

ಆರ್ಕಿಟೆಕ್ಟ್ ಎಲ್ಲರಿಗಿಂತ ಮುಂದೆ, ಗೋಡೆಯಿಂದ ಸಿಡಿಯುವ ಚೂರು ಮೈಗೆ ತಾಗುವಷ್ಟು ಹತ್ತಿರ ನಿಂತಿದ್ದಳು. ಕೈಯಲ್ಲಿ ಟಾರ್ಚ್ ಇತ್ತು. ಬಾ ಈಚೆ ಅಂತ ಗೊಣಗಣ್ಣ ಎರಡು ಸಲ ಕರೆದರೂ ಕದಲಲಿಲ್ಲ.

ಮೊದಲ ಇಟ್ಟಿಗೆ ಒಳಕ್ಕೆ ಬಿತ್ತು. ಬಿದ್ದ ಸದ್ದು ಟೊಳ್ಳಾಗಿ ಕೇಳಿಸಿತು. ಮುಚ್ಚಿಟ್ಟ ಗಾಳಿ ಮುಖಕ್ಕೆ ರಾಚಿದಾಗ ಗಾರೆಯವರು ಹಿಂದೆ ಸರಿದರು. "ನಮ್ಮ ಕೈಲಾಗಲ್ಲ ಸಾರ್" ಅಂದವನ ಕೈಯಿಂದ ಕಂಡಕ್ಟರ್ ಹಾರೆ ಕಿತ್ತುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಸಮನೆ ಮೀಟತೊಡಗಿದಳು. ಒಂದೊಂದು ಏಟಿಗೂ ತಮ್ಮನನ್ನು ಬೈಯುತ್ತಿದ್ದಳು. "ಬೇಡ ಅಂದ್ರೂ ಈ ಕೆಲಸಕ್ಕೆ ಬಂದ್ಯಲ್ಲೋ. ಕತ್ತೆ. ಕತ್ತೆ."

ಗೋಡೆ ಮೊಣಕಾಲೆತ್ತರಕ್ಕೆ ಇಳಿದಾಗ ಆರ್ಕಿಟೆಕ್ಟ್ ಟಾರ್ಚ್ ಹೊತ್ತಿಸಿದಳು.

ಮೂಳೆಗಳು ಮೂಲೆಗೆ ಒತ್ತಿಕೊಂಡು ಕೂತ ಭಂಗಿಯಲ್ಲಿದ್ದವು. ಕಾಲಿನ ಕಡೆ ಗಟ್ಟಿ ಅಟ್ಟೆಯ ಬೂಟುಗಳು.

"ಓಡಿಹೋದ ಕೈದಿ," ಅಂದ ಗೊಣಗಣ್ಣ. ಟೋಪಿ ತೆಗೆದ. "ಗಾಳಿಯ ಹಾಗೆ ಹೋದ ಅಂದ್ರಲ್ಲ, ಇಲ್ಲೇ ಕೂತಿದ್ದಾನೆ ಪಾಪ."

"ಅಲ್ಲ." ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. "ಕೈದಿಗೆ ಬೂಟು ಯಾರು ಕೊಡ್ತಾರೆ? ಸೊಂಟ ನೋಡು."

ಸೊಂಟದ ಸುತ್ತ ಒಣಗಿ ಸುರುಟಿದ ಚರ್ಮದ ಬೆಲ್ಟು. ಹಿತ್ತಾಳೆ ಬಕಲ್. ಅದರ ಪಕ್ಕದಲ್ಲಿ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಬೀಗದ ಕೈಗಳ ಗೊಂಚಲು.

ಸತ್ತವನು ಕೈದಿಯಲ್ಲ. ಕಾವಲಿಗಿದ್ದ ವಾರ್ಡರ್.

ಜೈಲರ್ ಕಂಬಿ ಹಿಡಿದುಕೊಂಡೇ ನೆಲಕ್ಕೆ ಕುಸಿದ. ಊರುಗೋಲು ಉರುಳಿತು, ಯಾರೂ ಎತ್ತಿಕೊಡಲಿಲ್ಲ.

"ಕೈದಿ ಓಡಿಹೋದ ಅನ್ನೋದು ಸುಳ್ಳಲ್ಲ," ಅಂದ. ಗತ್ತು ಎಲ್ಲಿ ಹೋಯಿತೋ, ದನಿಯಲ್ಲಿ ಬರೀ ವಯಸ್ಸು ಉಳಿದಿತ್ತು. "ಬಾಗಿಲು ತೆಗೆದು ಕಳಿಸಿದವನು ನಾನೇ. ಮೇಲಿಂದ ಅಪ್ಪಣೆ ಇತ್ತು. ಯಾರಿಗೂ ಗೊತ್ತಾಗಬಾರದು ಅಂತ ಮಾತಿತ್ತು. ಇವನು ನೋಡಿಬಿಟ್ಟ. ಸುಮ್ಮನಿರು ಅಂದೆ. ಬೇಡ್ಕೊಂಡೆ. 'ಬೆಳಿಗ್ಗೆ ಎಲ್ಲರಿಗೂ ಹೇಳ್ತೀನಿ ಸಾಹೇಬ್ರೇ' ಅಂದ. ಒಂದೇ ಒಂದು ಸಲ ತಳ್ಳಿದೆ. ತಲೆ ಕಂಬಿಗೆ ಬಡೀತು."

"ಗೋಡೆ?"

"ರಿಪೇರಿ ಅಂತ ಹೇಳಿ ಇಟ್ಟಿಗೆ ತರಿಸಿದೆ. ನಾನೇ ಕಟ್ಟಿದೆ. ಕೈದಿ ತಪ್ಪಿಸಿಕೊಂಡ ಅಂತ ಹೆದರಿ ಇವನೂ ಓಡಿಹೋದ ಅಂತ ಬರೆದೆ."

"ಮುಕ್ಕಾಲಿಯನ್ನ?"

"ಅವನನ್ನೂ ನಾನೇ." ತಡವರಿಸದೆ ಹೇಳಿದ. "ಗೋಪುರದ ಮೇಲಿಂದ ನಾನೇ ತಳ್ಳಿದೆ. ಬರ್ಕೋ."

ಕಂಡಕ್ಟರ್ ಹಾರೆ ಎತ್ತಿಕೊಂಡು ತಿರುಗಿದಳು. ಗೊಣಗಣ್ಣ ಅಡ್ಡ ಬಂದು ಅವಳ ಎರಡೂ ಮುಂಗೈ ಹಿಡಿದುಕೊಳ್ಳದೇ ಇದ್ದಿದ್ದರೆ ಇನ್ನೊಂದು ಹೆಣ ಬೀಳುತ್ತಿತ್ತು.

"ಬಿಡೋ ನನ್ನ! ಅವನ ಬಾಯಲ್ಲೇ ಬಂತಲ್ಲ!"

"ತಡೆಯಮ್ಮ," ಅಂದಳು ಇನ್ಸ್‌ಪೆಕ್ಟರ್. "ಮೊದಲನೇ ಕೊಲೆಯನ್ನ ಕುಸಿದು ಬಿದ್ದು ಒಪ್ಪಿಕೊಂಡ. ಎರಡನೇದನ್ನ ಪಾಠ ಒಪ್ಪಿಸಿದ ಹಾಗೆ ಹೇಳಿದ." ಜೈಲರಿನ ಎದುರು ಕುಕ್ಕರಗಾಲಲ್ಲಿ ಕೂತಳು. "ಈ ಓಣಿ ದಾಟೋಕೇ ಗೋಡೆ ಹಿಡಿದು ಬಂದ್ರಿ. ಗೋಪುರದ ಮೆಟ್ಟಿಲು ಹೇಗೆ ಹತ್ತಿದ್ರಿ? ಇಂಥಾ ಅಳತೆ ಬಟನ್ ಅಂತ ಒಂದಿತ್ತು ಅನ್ನೋದೇ ನಿಮಗೆ ಗೊತ್ತಿರಲಿಲ್ಲ. ಭಾಷೆ ಬಟನ್ ಅಂದ್ರಿ. ಅದು ಈಗಲೂ ಅಲ್ಲೇ ಇದೆ. ನೀವು ಯಾವುದನ್ನೂ ತೆಗೆಸಿಲ್ಲ. ಮಗಳು ಅಪ್ಪ ಅಂದಳು, ನೀವು ಹೌದು ಅಂದ್ರಿ, ಅಷ್ಟೇ."

"ಅವಳ ಸುದ್ದಿ ಬಿಡು!"

ಇನ್ಸ್‌ಪೆಕ್ಟರ್ ಎದ್ದು ಆರ್ಕಿಟೆಕ್ಟಿನ ಕಡೆ ತಿರುಗಿದಳು. ಅವಳು ಒಡೆದ ಗೋಡೆಯ ಆಚೆ ಮೊಣಕಾಲೂರಿ ಕೂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು.

"ಮುಕ್ಕಾಲಿ ಮೊದಲು ಬಂದು ಹೇಳಿದ್ದು ನಿನಗೇ. ಗೋಡೆ ಒಡೆದರೆ ಅಪ್ಪನ ಮರ್ಯಾದೆ ಮಣ್ಣುಪಾಲು ಅಂತ ನಿನಗೆ ಗೊತ್ತಾಯ್ತು. ಅಪ್ಪನ್ನ ಉಳಿಸೋಕೆ ಬಟನ್ ತೆಗೆದೆ. ಬಟನ್ ತೆಗೆದರೂ ಮುಕ್ಕಾಲಿ ಬಾಯಿ ಇತ್ತಲ್ಲ. ಅದನ್ನ ಹೇಗೆ ಮುಚ್ಚಿಸಿದೆ?"

ಆರ್ಕಿಟೆಕ್ಟ್ ತಿರುಗಲಿಲ್ಲ.

"ಅವಳಿಗೇನೂ ಗೊತ್ತಿಲ್ಲ!" ಜೈಲರ್ ಕಿರುಚಿದ. ಕಿರುಚಾಟಕ್ಕೆ ಓಣಿಯ ಉದ್ದಕ್ಕೂ ಖಾಲಿ ಸೆಲ್ಲುಗಳು ಮಾರ್ದನಿ ಕೊಟ್ಟವು. "ಅವಳು ಏನು ನೋಡ್ತಿದ್ದಾಳೆ ಅನ್ನೋದೂ ಅವಳಿಗೆ ಗೊತ್ತಿಲ್ಲ. ಅದಕ್ಕೇ ಹೊರಗೆ ಕಳಿಸು ಅಂತ ಬಡ್ಕೊಂಡೆ. ಅವಳ ಅಪ್ಪ ಅವನು! ಹೆಂಡತಿ ಸತ್ತಿದ್ದಳು ಅವನಿಗೆ. ಕ್ವಾರ್ಟರ್ಸಲ್ಲಿ, ತೊಟ್ಟಿಲಲ್ಲಿ ಮಗು ಅಳ್ತಾ ಇತ್ತು. ಇವನನ್ನ ಇಲ್ಲಿ ಬಿಟ್ಟು ಹೋಗಿ, ಅದನ್ನ ಎತ್ಕೊಂಡೆ. ನನ್ನದೇ ಅಂತ ಸಾಕಿದೆ. ನನ್ನದೇ ಅವಳು!"

ಕಂಡಕ್ಟರಿನ ಕೈಯಿಂದ ಹಾರೆ ಜಾರಿ ಇಟ್ಟಿಗೆ ರಾಶಿಯ ಮೇಲೆ ಬಿತ್ತು.

ಆರ್ಕಿಟೆಕ್ಟ್ ಮೆಲ್ಲಗೆ ಕೈ ಚಾಚಿ, ಹಿತ್ತಾಳೆ ಬಕಲಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಮಲಗಿದ್ದವರನ್ನು ಎಬ್ಬಿಸಬಾರದು ಅನ್ನುವಷ್ಟು ಮೆಲ್ಲಗೆ. ಇನ್ಸ್‌ಪೆಕ್ಟರ್ ಅಳುವಿಗೆ ಕಾದಳು. ಚೀರಾಟಕ್ಕೆ ಕಾದಳು.

"ಗೊತ್ತು," ಅಂದಳು ಆರ್ಕಿಟೆಕ್ಟ್.

ಜೈಲರ್ ಹಿಡಿದಿದ್ದ ಕಂಬಿಯನ್ನು ಬಿಟ್ಟ.

"ಗೊತ್ತು," ಅಂದಳು ಮತ್ತೊಮ್ಮೆ. ಈಗ ಎದ್ದು ನಿಂತು ತಿರುಗಿದಳು. ಕಣ್ಣು ಒಣಗಿತ್ತು. "ಈ ಜೈಲನ್ನ ಒಂದು ಕಲ್ಲೂ ಬಿಡದೆ ಯಾಕೆ ಅಳೆಸಿದೆ ಅಂದ್ಕೊಂಡ್ರಿ? ಜನ ಮನೇಲಿ ಸೋಫಾ ಮೇಲೆ ಕೂತು ನೋಡ್ಲಿ ಅಂತಾನಾ? ನನಗೆ ಒಂದೇ ಒಂದು ಗೋಡೆ ಬೇಕಿತ್ತು. ಸ್ಮಾರಕದ ಗೋಡೆ ಒಡೆಯೋಕೆ ಪೊಲೀಸರು ಬರ್ಬೇಕಿತ್ತು, ಪೊಲೀಸರು ಬರೋಕೆ ಒಂದು ಹೆಣ, ಮಾಯವಾದ ಒಂದು ಬಟನ್ ಬೇಕಿತ್ತು."

ಜೈಲರ್ ನೆಲದ ಮೇಲೆ ಕೂತಲ್ಲೇ ಹಿಂದೆ ಹಿಂದೆ ಸರಿದ. ಬೆನ್ನು ಕಂಬಿಗೆ ತಾಗಿತು. ಮಗಳ ಮುಖ ನೋಡುತ್ತಿದ್ದ ಅವನ ಕಣ್ಣಲ್ಲಿದ್ದದ್ದು ಪಶ್ಚಾತ್ತಾಪವಲ್ಲ, ಹೆದರಿಕೆ. ಅದನ್ನು ನೋಡಿ ಇನ್ಸ್‌ಪೆಕ್ಟರಿನ ಕೈ ತಾನಾಗಿ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು.

ಆರ್ಕಿಟೆಕ್ಟ್ ಟಾರ್ಚ್ ಆರಿಸಿದಳು.

"ಅಪ್ಪನ್ನ ಉಳಿಸೋಕೆ ಬಟನ್ ತೆಗೆದೆ ಅಂದ್ರಲ್ಲ ಮೇಡಂ," ಅಂದಳು. "ಯಾವ ಅಪ್ಪನ್ನ?"